ಕಟ್ಟು ಕಟ್ಟೋಣ, ಕಟ್ಟು ಬಿಚ್ಚೋಣ



ನಾವು ಈಗ ಓದಲು ಕಲಿತಿದ್ದೇವೆ. ಅಂಕಿ ಬರೆಯಲು ಕಲಿತಿದ್ದೇವೆ. ಮಕ್ಕಳು ಲೆಕ್ಕ ಮಾಡುವಾಗ ನಾವೂ ಪಕ್ಕದಲ್ಲಿ ಕೂರಬಹುದು. "ನಂಗೇನು ಗೊತ್ತು, ಮೇಷ್ಟ್ರನ್ನ ಕೇಳು" ಅನ್ನಬೇಕಾಗಿಲ್ಲ.

ಚಿಕ್ಕ ಮಕ್ಕಳಿಗೆ ಎರಡು ಕಡೆ ಕಷ್ಟ. ಕೂಡುವಾಗ 'ದಶಕ' ಬಂದರೆ ಕಷ್ಟ. ಕಳೆಯುವಾಗ 'ಸಾಲ' ಬಂದರೆ ಕಷ್ಟ. ಇಲ್ಲಿ ಎಡವಿದ ಮಗು ಮುಂದೆ ಗುಣಿಸುವಾಗಲೂ ಎಡವುತ್ತದೆ. "ಇವಳ ತಲೆಗೆ ಲೆಕ್ಕ ಹತ್ತಲ್ಲ" ಅಂತ ಹೆಸರು ಬೀಳುತ್ತದೆ. ಆಮೇಲೆ ಶಾಲೆಯೇ ಬೇಡ ಅನ್ನಿಸುತ್ತದೆ. ಹಾಗಾಗಬಾರದು. ಕೈಯಲ್ಲಿ ಮಾಡಿ ನೋಡಿದರೆ ಲೆಕ್ಕ ತಲೆಗೆ ಹತ್ತುತ್ತದೆ.

ಮಾಡಿ ಕಲಿಯುವುದು ನಮ್ಮ ಶಾಲೆಗಳಿಗೂ ಗೊತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ 'ನಲಿ-ಕಲಿ' ಶುರುವಾಯಿತು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಮನೆಯಲ್ಲಿಯೂ ನಾವು ಹಾಗೆ ಮಾಡಬಹುದು. ಖರ್ಚಿಲ್ಲ.

ಏನು ಬೇಕು?

ಪೊರಕೆ ಕಡ್ಡಿ ಸಾಕು. ಬೆರಳುದ್ದ ಮುರಿಯಿರಿ. ಹತ್ತು ಹತ್ತು ಎಣಿಸಿ ದಾರ ಕಟ್ಟಿ. ಮಗುವೇ ಎಣಿಸಲಿ, ಮಗುವೇ ಕಟ್ಟಲಿ. ಕೆಲವು ಕಡ್ಡಿ ಬಿಡಿಯಾಗಿ ಇರಲಿ.

34 ಅಂದರೆ 3 ಕಟ್ಟು, 4 ಬಿಡಿ. ಬಲಗಡೆ ಬಿಡಿ. ಎಡಗಡೆ ಕಟ್ಟು. ಬಿಡಿ ಒಂಬತ್ತಕ್ಕಿಂತ ಹೆಚ್ಚಾದರೆ ಹತ್ತನ್ನು ಕಟ್ಟಬೇಕು. ಆಟದ ನಿಯಮ ಇಷ್ಟೇ.

ಕೂಡುವ ಲೆಕ್ಕ

28ಕ್ಕೆ 17 ಕೂಡೋಣ.

ಒಂದು ಕಡೆ 2 ಕಟ್ಟು, 8 ಬಿಡಿ. ಇನ್ನೊಂದು ಕಡೆ 1 ಕಟ್ಟು, 7 ಬಿಡಿ. ಮೊದಲು ಬಿಡಿ ಸೇರಿಸಿ. 15 ಆಯಿತು. ಹತ್ತು ತೆಗೆದು ಕಟ್ಟು ಕಟ್ಟಿ. 5 ಬಿಡಿ ಉಳಿಯಿತು. ಹೊಸ ಕಟ್ಟನ್ನು ಎಡಗಡೆ ಇಡಿ. ಈಗ ಕಟ್ಟು ಎಷ್ಟು? 2, 1, ಹೊಸದು 1. ಒಟ್ಟು 4. ಉತ್ತರ 45.

ಈ ಹೊಸ ಕಟ್ಟೇ ದಶಕ. 'ಕೈಲಿ ಒಂದು' ಅಂತೀವಲ್ಲ, ಅದೇ.

ಕೆಲವು ಮಕ್ಕಳು ಇದಕ್ಕೆ 315 ಅಂತ ಬರೆಯುತ್ತಾರೆ. ಬಿಡಿಯ 15 ಹಾಗೇ ಬರೆದು, ಪಕ್ಕದಲ್ಲಿ 3 ಹಾಕುತ್ತಾರೆ. ಬೈಯಬೇಡಿ. "ಎರಡು ರಾಶಿಯೂ ಮೂವತ್ತಕ್ಕಿಂತ ಕಡಿಮೆ. ಸೇರಿದರೆ ಮುನ್ನೂರು ಹೇಗಾಗುತ್ತೆ?" ಅಂತ ಕೇಳಿ. ಮಗುವೇ ಯೋಚಿಸುತ್ತದೆ.

ಕಳೆಯುವ ಲೆಕ್ಕ

52ರಲ್ಲಿ 27 ಕಳೆಯೋಣ.

5 ಕಟ್ಟು, 2 ಬಿಡಿ ಇಡಿ. 7 ಬಿಡಿ ತೆಗೀಬೇಕು. ಇರೋದು ಎರಡೇ. ಏನು ಮಾಡೋದು? ಒಂದು ಕಟ್ಟು ಬಿಚ್ಚಿ. ಈಗ 4 ಕಟ್ಟು, 12 ಬಿಡಿ. ಹನ್ನೆರಡರಲ್ಲಿ ಏಳು ಹೋದರೆ 5. ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ 2. ಉತ್ತರ 25.

ಇದನ್ನು 'ಸಾಲ ತಗೊಳ್ಳೋದು' ಅಂತಾರೆ. ಸಾಲ ಅಂದರೆ ತೀರಿಸಬೇಕು, ನಮಗೆ ಚೆನ್ನಾಗಿ ಗೊತ್ತು. ಇಲ್ಲಿ ತೀರಿಸುವ ಮಾತೇ ಇಲ್ಲ. ಇದು ಹತ್ತು ರೂಪಾಯಿ ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ. ದುಡ್ಡು ಅಷ್ಟೇ, ರೂಪ ಬೇರೆ. ಮಗುವಿಗೂ ಹಾಗೇ ಹೇಳಿ.

ಮಗು 35 ಅಂತ ಬರೆದಿದೆಯೇ? ಎರಡರಲ್ಲಿ ಏಳು ಹೋಗಲ್ಲ ಅಂತ ತಿರುಗಿಸಿ, ಏಳರಲ್ಲಿ ಎರಡು ಕಳೆದಿದೆ. ಮತ್ತೆ ಕಡ್ಡಿ ಹಿಡಿಸಿ. ಕಟ್ಟು ಬಿಚ್ಚಿಸಿ.

ಸರಿ ಇದೆಯೋ ಇಲ್ಲವೋ ನೋಡಬೇಕೇ? ಉತ್ತರಕ್ಕೆ ಕಳೆದದ್ದನ್ನು ಕೂಡಿ. 25ಕ್ಕೆ 27 ಕೂಡಿದರೆ 52. ಸರಿ.

ಅಂಗಡಿಯಲ್ಲಿ

37 ರೂಪಾಯಿ ಸಾಮಾನು. ಕೊಟ್ಟಿದ್ದು 50. ಚಿಲ್ಲರೆ ಎಷ್ಟು ಬರಬೇಕು? 37ಕ್ಕೆ 3 ಸೇರಿದರೆ 40. ಇನ್ನು 10 ಸೇರಿದರೆ 50. ಒಟ್ಟು 13 ರೂಪಾಯಿ. ಮಗುವಿನ ಕೈಲೇ ಎಣಿಸಿ. ಲೆಕ್ಕ ಬಂದರೆ ಯಾರೂ ನಮಗೆ ಮೋಸ ಮಾಡಲಾರರು.

ದಿನಕ್ಕೆ ಎರಡು ಲೆಕ್ಕ ಸಾಕು. ಮೊದಲು ಕಡ್ಡಿಯಲ್ಲಿ. ಆಮೇಲೆ ಸ್ಲೇಟಿನಲ್ಲಿ. ಕೆಲವು ದಿನ ಕಳೆದರೆ ಮಗು ಕಡ್ಡಿ ಕೇಳುವುದಿಲ್ಲ. ಮನಸ್ಸಿನಲ್ಲೇ ಕಟ್ಟು ಕಟ್ಟುತ್ತದೆ, ಬಿಚ್ಚುತ್ತದೆ.

ನೀವೂ ಮಾಡಿ ನೋಡಿ

1. 36ಕ್ಕೆ 27 ಕೂಡಿ.
2. 63ರಲ್ಲಿ 38 ಕಳೆಯಿರಿ.
3. 64 ರೂಪಾಯಿ ಸಾಮಾನಿಗೆ 100 ಕೊಟ್ಟಿರಿ. ಚಿಲ್ಲರೆ ಎಷ್ಟು?

ಉತ್ತರ: 63, 25, 36 ರೂಪಾಯಿ.