ಡಿಎಲ್ ಬಂದ ಮೇಲಿನ ಮೊದಲ ವರ್ಷ

ಪಿಯುಸಿ ಪರೀಕ್ಷೆ ಮುಗಿದು ಹದಿನೆಂಟು ತುಂಬಿದ ಮಕ್ಕಳಿರುವ ಮನೆಗಳಲ್ಲಿ ಏಪ್ರಿಲ್ ಎಂದರೆ ಡ್ರೈವಿಂಗ್ ಕಲಿಯುವ ತಿಂಗಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಒಳರಸ್ತೆಗಳಲ್ಲಿ ಬೆಳಗ್ಗೆ ಬೆಳಗ್ಗೆ ಎಲ್ ಬೋರ್ಡಿನ ಕಾರುಗಳು ನಿಧಾನಕ್ಕೆ ಸಾಗುತ್ತಿರುತ್ತವೆ. ಕಲಿಕಾ ಲೈಸೆನ್ಸ್ (ಎಲ್ಎಲ್) ಸಿಕ್ಕಿ 30 ದಿನ ಕಳೆಯದೆ ಟೆಸ್ಟಿಗೆ ಹೋಗುವಂತಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಕಲಿಯಲು ಹೊರಟವರ ಕೈಗೆ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಬರುವಾಗ ಜೂನ್ ಆಗುತ್ತದೆ. ಅಷ್ಟರಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದಿರುತ್ತದೆ. ಒಣ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಕಲಿತ ಹುಡುಗ ಅಥವಾ ಹುಡುಗಿ ಮೊದಲ ಸಲ ಒಬ್ಬಂಟಿಯಾಗಿ ಸ್ಟಿಯರಿಂಗ್ ಹಿಡಿಯುವುದು ಜಡಿಮಳೆಯಲ್ಲಿ. ಚಿಂತೆ ಮಾಡಬೇಕಾದದ್ದು ಇಲ್ಲೇ.

ಎಲ್ಎಲ್ ಇರುವಷ್ಟು ದಿನ

ಕಲಿಯುವವರಿಗೆ ನಮ್ಮ ಕಾನೂನು ಹಾಕಿರುವ ಕಟ್ಟುಪಾಡು ಚೆನ್ನಾಗಿಯೇ ಇದೆ. ಎಲ್ಎಲ್‌ಗೆ 6 ತಿಂಗಳ ಅವಧಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು ಓಡಿಸುವಾಗ ಡಿಎಲ್ ಇರುವ ಒಬ್ಬರು ಜೊತೆಗಿರಬೇಕು, ಅದೂ ಬೇಕಾದಾಗ ವಾಹನ ನಿಲ್ಲಿಸಲು ಆಗುವ ಜಾಗದಲ್ಲಿ ಕುಳಿತಿರಬೇಕು. ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡುತ್ತಾ ಕುಳಿತ ಅಣ್ಣ ಈ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಆ ಚೌಕ 18 ಸೆಂಟಿಮೀಟರಿಗೂ ಅಕ್ಷರದ ಎತ್ತರ 10 ಸೆಂಟಿಮೀಟರಿಗೂ ಕಡಿಮೆ ಇರಬಾರದು. ಬೈಕ್, ಸ್ಕೂಟರ್ ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಡ್ರೈವಿಂಗ್ ಸ್ಕೂಲಿನವರು ಕಾರು ಕಲಿಸಲು ಕನಿಷ್ಠ 21 ದಿನ ತೆಗೆದುಕೊಳ್ಳಬೇಕು, ಅದರಲ್ಲಿ 10 ಗಂಟೆಯಾದರೂ ಕಾರು ಓಡಿಸಿರಬೇಕು.

ಹದಿನೆಂಟು ತುಂಬದವರ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 16 ದಾಟಿದವರಿಗೆ 50 ಸಿಸಿ ಒಳಗಿನ ದ್ವಿಚಕ್ರಕ್ಕೆ ಮಾತ್ರ ಅವಕಾಶ. ಇಂದು ಮನೆಮನೆಯಲ್ಲಿರುವ ಸ್ಕೂಟರುಗಳು 100 ಸಿಸಿಗಿಂತ ಮೇಲಿನವು. ಟ್ಯೂಷನ್ನಿಗೆಂದು ಹೈಸ್ಕೂಲಿನ ಮಗನ ಕೈಗೆ ಸ್ಕೂಟರ್ ಕೊಡುವ ಪ್ರತಿ ತಂದೆ-ತಾಯಿಗೂ 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಗೊತ್ತಿರಬೇಕು. ಅಪ್ರಾಪ್ತರು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ.

ಮರುದಿನ ಎಲ್ಲವೂ ಸಡಿಲ

ಡಿಎಲ್ ಬಂದ ಮರುದಿನ ಈ ಬಿಗಿಯೆಲ್ಲ ಇಲ್ಲವಾಗುತ್ತದೆ. ಎಲ್ ಬೋರ್ಡ್ ಕಿತ್ತು, ಕಾರಿನ ತುಂಬ ಗೆಳೆಯರನ್ನು ತುಂಬಿಕೊಂಡು, ನಡುರಾತ್ರಿ ಚಾರ್ಮಾಡಿ ಘಾಟಿ ಹತ್ತಿದರೂ ಕಾನೂನಿನ ತಕರಾರಿಲ್ಲ. ನಿನ್ನೆಯವರೆಗೆ ಒಬ್ಬರೇ ಅಂಗಡಿಗೂ ಕಾರು ಒಯ್ಯಬಾರದಿದ್ದವರಿಗೆ ಇವತ್ತು ಇಪ್ಪತ್ತು ವರ್ಷ ಓಡಿಸಿದವರಷ್ಟೇ ಹಕ್ಕು. 30 ವರ್ಷದೊಳಗೆ ಪಡೆದ ಡಿಎಲ್ 40 ತುಂಬುವವರೆಗೆ ನಡೆಯುತ್ತದೆ. ಹದಿನೆಂಟರಲ್ಲಿ ಪಾಸಾದವರನ್ನು ಮುಂದಿನ 22 ವರ್ಷ ಯಾರೂ ಮತ್ತೆ ಟೆಸ್ಟಿಗೆ ಕರೆಯುವುದಿಲ್ಲ.

ಬೇರೆ ಕೆಲವು ದೇಶಗಳಲ್ಲಿ ಕಲಿಕೆಗೂ ಪೂರ್ಣ ಲೈಸೆನ್ಸಿಗೂ ನಡುವೆ ಇನ್ನೊಂದು ಹಂತವಿದೆ. ನ್ಯೂಜಿಲೆಂಡ್ 1987ರಲ್ಲೇ ಇದನ್ನು ತಂದಿತು. ಅಲ್ಲಿ ಹೊಸಬರು ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಅನುಭವಿಗಳು ಜೊತೆಗಿಲ್ಲದೆ ಓಡಿಸುವಂತಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲ ವರ್ಷ ಕೆಂಪು ‘ಪಿ’ ಫಲಕ, ಗಂಟೆಗೆ 90 ಕಿಲೋಮೀಟರ್ ಮಿತಿ, ಮದ್ಯದ ಅಂಶ ಸೊನ್ನೆ. ಬ್ರಿಟನ್ನಿನಲ್ಲಿ ಮೊದಲ ಎರಡು ವರ್ಷದಲ್ಲಿ ತಪ್ಪಿನ 6 ಅಂಕ ಬಿದ್ದರೆ ಲೈಸೆನ್ಸ್ ರದ್ದಾಗಿ, ಕಲಿಕೆ ಮತ್ತೆ ಮೊದಲಿನಿಂದ. ಈ ನಿಯಮಗಳ ಹಿಂದಿರುವುದು ಅನುಭವ: ಹೊಸ ಚಾಲಕರು ಹೆಚ್ಚು ಎಡವುವುದು ಕತ್ತಲಲ್ಲಿ, ಗೆಳೆಯರ ಗುಂಪು ಜೊತೆಗಿದ್ದಾಗ.

ಟೆಸ್ಟಿನಲ್ಲಿ ಇಲ್ಲದ ರಸ್ತೆ

ಟೆಸ್ಟ್ ಮೈದಾನದಲ್ಲಿ ಎಂಟು ಹಾಕಿ ತೋರಿಸಿದವರಿಗೆ ನಮ್ಮ ತಾಲೂಕುಗಳ ರಸ್ತೆ ಬೇರೆಯೇ ಪರೀಕ್ಷೆ ಒಡ್ಡುತ್ತದೆ. ಬಂಟ್ವಾಳದಿಂದ ಸಿದ್ದಕಟ್ಟೆಯಾಗಿ ಮೂಡುಬಿದಿರೆಗೆ ಹೋಗುವ ದಾರಿಯನ್ನೇ ನೋಡಿ. ತಿರುವು, ಏರು, ಇಳಿಜಾರು ಒಂದರ ಹಿಂದೊಂದು. ಎದುರಿನಿಂದ ಬಸ್ ಬಂತೆಂದು ಹೊಸ ಚಾಲಕರು ಎಡಕ್ಕೆ ಎಳೆಯುತ್ತಾರೆ. ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ಡಾಂಬರಿಗಿಂತ ನೆಲ ಅರ್ಧ ಅಡಿ ಕೆಳಗಿರುತ್ತದೆ. ಎಡಗಡೆಯ ಎರಡು ಚಕ್ರ ದಡಕ್ಕನೆ ಕೆಳಗಿಳಿಯುತ್ತವೆ. ಗಾಬರಿಯಲ್ಲಿ ಸ್ಟಿಯರಿಂಗನ್ನು ಒಮ್ಮೆಲೇ ಬಲಕ್ಕೆ ತಿರುಗಿಸಿದರೆ ಕಾರು ನೆಗೆದು ನೇರವಾಗಿ ಎದುರಿನ ವಾಹನದ ಮುಂದೆ ಬರುತ್ತದೆ. ಮಾಡಬೇಕಾದದ್ದು ಇಷ್ಟೇ: ಸ್ಟಿಯರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಪೂರ್ತಿ ಇಳಿದ ಮೇಲೆ, ಹಿಂದೆ ಮುಂದೆ ನೋಡಿ ನಿಧಾನಕ್ಕೆ ಡಾಂಬರಿಗೆ ಹತ್ತಿಸುವುದು. ಇದನ್ನು ಯಾವ ಟೆಸ್ಟಿನಲ್ಲೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತವರೇ ಹೇಳಿಕೊಡಬೇಕು.

ಹೆದ್ದಾರಿಗಳಿಗೂ ಅವುಗಳದೇ ಸ್ವಭಾವ. ಬಿ.ಸಿ.ರೋಡಿನಿಂದ ಮಾಣಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬುಲೆಟ್ ಟ್ಯಾಂಕರುಗಳ ಸಾಲು. ಅವುಗಳ ಪಕ್ಕದಲ್ಲೇ ಉಳಿದರೆ ಚಾಲಕರ ಕನ್ನಡಿಗೆ ನೀವು ಬೀಳುವುದಿಲ್ಲ. ಮಂಗಳೂರು–ಮೂಡುಬಿದಿರೆ–ಕಾರ್ಕಳದ ಹೆದ್ದಾರಿ 169ರಲ್ಲಿ ಟೈಮಿಂಗ್ ಹಿಡಿಯಲು ಓಡುವ ಎಕ್ಸ್‌ಪ್ರೆಸ್ ಬಸ್ಸುಗಳು. ರಸ್ತೆ ಅಗಲ ಮಾಡುವಲ್ಲೆಲ್ಲ ಟಿಪ್ಪರಿನಿಂದ ಉದುರಿದ ಕೆಮ್ಮಣ್ಣು ಮೊದಲ ಮಳೆಗೆ ಕೆಸರಾಗಿ ಬ್ರೇಕ್ ಹಿಡಿಯುವುದೇ ಇಲ್ಲ. ಉಜಿರೆ ದಾಟಿ ಹೆದ್ದಾರಿ 73ರಲ್ಲಿ ಚಾರ್ಮಾಡಿ ಹತ್ತಿದರೆ ಮಂಜು. ಅಗಲ ಸಾಲದ ಕಡೆ ಏರು ಹತ್ತುವವರಿಗೇ ಮೊದಲ ದಾರಿ, ಹತ್ತುವ ಗೇರಿನಲ್ಲೇ ಇಳಿಯಬೇಕು. ಘಾಟಿಯ ಈ ಎರಡು ಮಾತನ್ನು ಹಳೆಯ ಚಾಲಕರು ಕಿರಿಯರ ಕಿವಿಗೆ ಹಾಕಿಯೇ ಕಳಿಸಬೇಕು.

ಮನೆಯೇ ಮಾಡಬಹುದಾದ ನಿಯಮ

ನಮ್ಮಲ್ಲೂ ಮೊದಲ ವರ್ಷಕ್ಕೆ ಬೇರೆ ನಿಯಮ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರುವ ತನಕ ಆ ಕೆಲಸ ಮನೆಯವರದ್ದು. ಕಾರು ಮನೆಯದ್ದು, ಬೀಗದ ಕೈ ಮನೆಯಲ್ಲಿದೆ. ಡಿಎಲ್ ಬಂದ ಮೊದಲ ಆರು ತಿಂಗಳು ರಾತ್ರಿ ಒಂಬತ್ತರ ಮೇಲೆ ಒಬ್ಬರೇ ಓಡಿಸುವುದು ಬೇಡ. ಗೆಳೆಯರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವುದು ಬೇಡ. ಮೊದಲ ಮಳೆಗಾಲ ಪೂರ್ತಿ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಒಂದು ವರ್ಷ ತುಂಬುವವರೆಗೆ ಘಾಟಿ ಬೇಡ. ಮದ್ಯ ಒಂದು ಹನಿಯೂ ಬೇಡ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿ ಎಲ್ಲ ಚಾಲಕರಿಗೂ ಒಂದೇ, ಆದರೆ ಹೊಸಬರಿಗೆ ಅದೂ ಹೆಚ್ಚೇ.

ನೇಮ, ಯಕ್ಷಗಾನ, ಕಂಬಳ ಎಂದು ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಮರಳುವ ಊರು ನಮ್ಮದು. ಚೌಕಿಪೂಜೆಯಿಂದ ಮಂಗಳದವರೆಗೆ ಆಟ ನೋಡಿದವರ ಕಣ್ಣು ಮನೆ ತಲುಪುವ ಮೊದಲೇ ಮುಚ್ಚುತ್ತದೆ. ಅಂಥ ದಿನ ಕಾರನ್ನು ಅನುಭವ ಇರುವವರು, ಅದರಲ್ಲೂ ಮಧ್ಯಾಹ್ನ ಮಲಗಿ ಎದ್ದು ಬಂದವರು ಓಡಿಸಲಿ.

ಈ ನಿಯಮಗಳಲ್ಲಿ ಹಿರಿಯರ ಪಾಲೂ ಇದೆ. ಮಗಳು ಕಾರಿನಲ್ಲಿದ್ದಾಳೆಂದು ಗೊತ್ತಿದ್ದೂ “ಎಲ್ಲಿಗೆ ಮುಟ್ಟಿದಿ, ಬೇಗ ಬಾ” ಎಂದು ಮೂರು ಸಲ ಫೋನ್ ಮಾಡುವವರೇ ಅವಳ ಕಣ್ಣನ್ನು ರಸ್ತೆಯಿಂದ ತೆಗೆಸುತ್ತಾರೆ. ಹೊರಡುವಾಗ ಒಂದು ಕರೆ, ತಲುಪಿದ ಮೇಲೆ ಒಂದು ಕರೆ, ನಡುವೆ ಬೇಡ. ಜೊತೆಗೆ ಇನ್ನೊಂದು ಮಾತು ಕೊಡಿ: “ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ, ಓಡಿಸಲು ಧೈರ್ಯ ಸಾಲದಿದ್ದರೆ ಫೋನ್ ಮಾಡು, ನಾನು ಬಂದು ಕರೆದುಕೊಂಡು ಬರ್ತೇನೆ, ಬೈಯುವುದಿಲ್ಲ.” ರಾತ್ರಿ ಹನ್ನೊಂದಕ್ಕೆ ಆ ಕರೆ ಬಂದಾಗ ಎದ್ದು ಹೋಗುವ ಅಪ್ಪ-ಅಮ್ಮಂದಿರ ಮನೆಯಲ್ಲಿ ಮೇಲಿನ ನಿಯಮಗಳು ತಾವಾಗಿಯೇ ನಡೆಯುತ್ತವೆ.