ನೆಲ್ಲಿಕಾಯಿ ಗಾತ್ರದ ಮುದ್ದೆ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಂಡ್ಯದ ಕಡೆಯವರಾದ ನಮಗೆ ಇದು ಯಾರೂ ಹೇಳಿಕೊಡದೆ ಬಂದ ವಿದ್ಯೆ. ಐವತ್ತೆರಡು ವರ್ಷ ಈ ವಿದ್ಯೆಯಲ್ಲಿ ನಾನು ಪ್ರವೀಣನೆನಿಸಿಕೊಂಡಿದ್ದೆ. ಅಂಥವನು ಇಂದು ಒಂದೊಂದು ತುತ್ತನ್ನೂ ಇಪ್ಪತ್ತೈದು ಬಾರಿ ಅಗಿಯುತ್ತ ಕುಳಿತಿರುವೆನೆಂದರೆ ಕಾರಣ ಹೇಳಲೇಬೇಕಷ್ಟೆ.

ತೂಕವೂ ಸಕ್ಕರೆ ಕಾಯಿಲೆಯೂ ಪೈಪೋಟಿಯಿಂದ ಏರತೊಡಗಿದಾಗ, ಎರಡು ತಿಂಗಳ ಹಿಂದೆ, ನಾನು ಶಸ್ತ್ರಚಿಕಿತ್ಸೆಗೆ ಒಪ್ಪಿದೆ. ವೈದ್ಯರು ಚೀಲದಂತಿದ್ದ ಜಠರದ ಮುಕ್ಕಾಲು ಪಾಲನ್ನು ತೆಗೆದು, ಬಾಳೆಹಣ್ಣಿನಾಕಾರದ ಸಣ್ಣ ಕೊಳವೆಯೊಂದನ್ನು ಉಳಿಸಿದರು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಮಟ್ಟಿಗೆ ಹುಟ್ಟುವುದು ಆ ತೆಗೆದ ಭಾಗದಲ್ಲಿಯೇ. ಹೀಗಾಗಿ ಹಸಿವು ಅಡಗಿತು. ಅಭ್ಯಾಸ ಮಾತ್ರ ಕೈಯಲ್ಲಿಯೇ ಉಳಿಯಿತು.

ಮೊದಲು ತಿಳಿನೀರು, ಬಳಿಕ ಮಜ್ಜಿಗೆ, ಬೇಳೆಕಟ್ಟು. ಅನಂತರ ನುಣ್ಣಗೆ ಅರೆದದ್ದು, ಮೆತ್ತಗೆ ಬೇಯಿಸಿದ್ದು. ಏಳನೆಯ ವಾರ ಗಟ್ಟಿ ಆಹಾರಕ್ಕೆ ಅಪ್ಪಣೆಯಾಯಿತು. ಕಟ್ಟಳೆಗಳೂ ಜೊತೆಗೇ ಬಂದವು: ಮೊಟ್ಟೆ, ಬೇಳೆ, ಪನೀರು ಮೊದಲು, ಅನ್ನ, ರಾಗಿ ಕೊನೆಗೆ. ಊಟದ ನಡುವೆ ನೀರು ಕೂಡದು; ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. ಸಾಕೆನಿಸುವ ಮೊದಲೇ ಕೈ ತೊಳೆಯಬೇಕು.

ಆ ವಾರವೇ ಊರಿಗೆ ಹೋದೆ. ಅವ್ವ ಬಿಸಿ ಮುದ್ದೆಯಿಟ್ಟು, ಬಸ್ಸಾರು ಬಿಟ್ಟು, "ಉಣ್ಣು ಮಗ, ಸೊರಗೋಗಿದ್ದೀಯ" ಎಂದಳು. ಆ ಮಾತಿನ ಮುಂದೆ ಕಟ್ಟಳೆ ಯಾರಿಗೆ ನೆನಪಾದೀತು? ಎರಡು ತುತ್ತು ಹಳೆಯ ರೀತಿಯಲ್ಲಿಯೇ ಇಳಿದವು. ಮೂರನೆಯದಕ್ಕೆ ಎದೆಯಲ್ಲಿ ಕಲ್ಲು ಸಿಕ್ಕಿದಂತಾಯಿತು, ಬಾಯಲ್ಲಿ ನೀರೂರಿತು. ಹಿತ್ತಲಿಗೆ ಓಡಿದೆ. ಎಲ್ಲವನ್ನೂ ಕಾರಿಕೊಂಡು ತಿರುಗಿದಾಗ ಅವ್ವ ಚೊಂಬು ಹಿಡಿದು ನಿಂತಿದ್ದಳು.

"ನಾನು ಮಾಡಿದ್ದು ಕೆಟ್ಟಿತ್ತಾ ಮಗ?"

ಶಸ್ತ್ರಚಿಕಿತ್ಸೆಯ ನೋವಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ನೋಯಿಸಿತು. ಬಡಿಸುವುದನ್ನು ಬಿಟ್ಟರೆ ಪ್ರೀತಿಗೆ ಬೇರೆ ಭಾಷೆಯನ್ನೇ ಅರಿಯದವಳು ಅವಳು. ಜಗುಲಿಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಮಾತನಾಡಲಿಲ್ಲ.

ರಾತ್ರಿ ಮೊದಲು ಒಂದು ಬೇಯಿಸಿದ ಮೊಟ್ಟೆ ಬಂತು. ಅದರ ಹಿಂದೆ ನೆಲ್ಲಿಕಾಯಿ ಗಾತ್ರದ ಮುದ್ದೆ. ಅವ್ವ ಎದುರಿಗೆ ಕುಳಿತು, "ಚೂರು ಚೂರೇ ಅಗಿ, ನಾನು ಎಣಿಸ್ತೀನಿ" ಎಂದಳು.

ರಾಗಿ ಹಲ್ಲಿಗೆ ಅಂಟಿತು. ಅಗಿಯುತ್ತ ಹೋದಂತೆ ಅದರಲ್ಲೊಂದು ಸಣ್ಣ ಸಿಹಿ ಮೂಡಿತು. ಐವತ್ತೆರಡು ವರ್ಷ ನುಂಗಿದವನಿಗೆ ಆ ರುಚಿ ತಿಳಿದೇ ಇರಲಿಲ್ಲ.

"ಇಪ್ಪತ್ತೈದು" ಎಂದಳು ಅವ್ವ. "ಈಗ ನುಂಗು."