ಗುತ್ಯಮ್ಮನ ಬೆಟ್ಟ, ಗಡಿಯ ರಾಜಧಾನಿ

ಸೊರಬ ಸೀಮೆಯ ಹಳ್ಳಿಯೊಂದರಲ್ಲಿ ನಿಂತು ‘ಗುತ್ಯಪ್ಪಾ’ ಎಂದು ಕೂಗಿದರೆ ಯಾರಾದರೊಬ್ಬರು ಓಗೊಡುತ್ತಾರೆ. ಚಂದ್ರಗುತ್ತಿಯ ರೇಣುಕಾಂಬೆ ಇಲ್ಲಿನ ಒಕ್ಕಲಿಗೆಲ್ಲ ಗುತ್ಯಮ್ಮ. ಹರಕೆ ಫಲಿಸಿ ಹುಟ್ಟಿದ ಮಗುವಿಗೆ ಅವಳ ಹೆಸರೇ. ದೇವಿಗೆ ಆ ಹೆಸರು ಬಂದದ್ದು ಊರಿನಿಂದ. ಊರಿನ ಹೆಸರೋ ಹಿಂದೆ ಒಂದು ನಾಡಿಗೇ ಇತ್ತು. ‘ಗುತ್ತಿಯ ಹದಿನೆಂಟು ಕಂಪಣ’ ಎಂದು ಶಾಸನಗಳು ಹೇಳುವ ಗುತ್ತಿ ಇದೇ. ಆಂಧ್ರದ ಗುತ್ತಿ ಬೇರೆ.

ಸೊರಬದಿಂದ ಹೊರಟರೆ ಊರು ಸಿಗುವ ಮೊದಲೇ ಬೆಟ್ಟ ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರ. ಚಂದ್ರನನ್ನೇ ಮರೆಮಾಡುವ ಬೆಟ್ಟವಾದ್ದರಿಂದ ಚಂದ್ರಗುಪ್ತಿ, ಅದೇ ಚಂದ್ರಗುತ್ತಿ ಆಯಿತೆಂದು ಜನ ಹೇಳುತ್ತಾರೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಬಂಡೆಯ ಬಾಯಿಗೆ ಹೊಂದಿಸಿ ಕಟ್ಟಿದ ಕಲ್ಲಿನ ಮಂಟಪ. ಹೊರಗಿನ ಬಿಸಿಲಿಗೆ ಕಣ್ಣು ಕುಕ್ಕಿದ್ದರಿಂದ ಒಳಗೆ ಮೊದಲಿಗೆ ಏನೂ ಕಾಣಲಿಲ್ಲ. ಎಣ್ಣೆಯ ಜಿಡ್ಡು, ಕುಂಕುಮದ ವಾಸನೆ, ಕೈಗೆ ತಣ್ಣಗೆ ತಗಲುವ ಬಂಡೆ. ಕಣ್ಣು ಹೊಂದಿಕೊಂಡ ಮೇಲೆ ದೀಪದ ಬೆಳಕಿನಲ್ಲಿ ಕಂಡದ್ದು ಕಲ್ಲಿನಲ್ಲಿ ತಾನಾಗಿ ಮೂಡಿದ ಆಕಾರ. ಕೊಡಲಿ ಹಿಡಿದು ಬೆನ್ನಟ್ಟಿದ ಮಗ ಪರಶುರಾಮನಿಂದ ತಪ್ಪಿಸಿಕೊಂಡು ರೇಣುಕೆ ಈ ಗವಿಯಲ್ಲಿ ಅಡಗಿದಳೆಂಬುದು ಸ್ಥಳಪುರಾಣ. ಪೂಜೆ ಸಲ್ಲುವುದು ಹಾಗೆ ಅಡಗಿದವಳ ಬೆನ್ನಿಗೆ. ಮುಂದೆ ಎಷ್ಟೇ ಕಂಬ ನಿಲ್ಲಿಸಿದರೂ ಈ ಕಲ್ಲಿಗೆ ಉಳಿ ಮುಟ್ಟಿಸದೆ ಬಿಟ್ಟವರ ವಿವೇಕ ದೊಡ್ಡದು.

ಬಹುತೇಕ ಭಕ್ತರು ಇಲ್ಲಿಂದಲೇ ಇಳಿಯುತ್ತಾರೆ. ಕೋಟೆ ಇರುವುದು ಇನ್ನೂ ಮೇಲೆ. ಇಲ್ಲಿ ಕದಂಬ ವಂಶದವರ ಆಳ್ವಿಕೆಯಿತ್ತು. ವಿಜಯನಗರ ತಲೆಯೆತ್ತಿದ ಹೊಸತರಲ್ಲೇ ಹರಿಹರನ ತಮ್ಮ ಮಾರಪ್ಪ ಕದಂಬ ಅರಸನನ್ನು ಗೆದ್ದು ಚಂದ್ರಗುತ್ತಿಯಿಂದ ಆಳುತ್ತಿದ್ದುದನ್ನು 1347ರ ಶಾಸನ ತಿಳಿಸುತ್ತದೆ. ಆಳಿದವರೆಲ್ಲ ಈ ಬೆಟ್ಟವನ್ನೇ ಆರಿಸಿಕೊಂಡದ್ದೇಕೆ ಎಂಬುದು ಮೇಲೆ ನಿಂತವರಿಗೆ ತಿಳಿಯುತ್ತದೆ. ಒಂದು ಕಡೆ ವರದೆಯ ಬಯಲು, ಬನವಾಸಿಯ ದಾರಿ. ಇನ್ನೊಂದು ಕಡೆ ಸಿದ್ದಾಪುರದ ಕಾಡು, ಅದರಾಚೆ ಕಡಲಿಗಿಳಿಯುವ ಘಟ್ಟ.

ಮಾರಪ್ಪನ ಬಳಿಕ ಬಂದ ಮಾಧವ ಮಂತ್ರಿ ಈ ಸೀಮೆಯನ್ನು ಆಳಿದವನು, ಗೋವೆಯನ್ನು ಗೆದ್ದವನು, ಸೂತಸಂಹಿತೆಗೆ ವ್ಯಾಖ್ಯಾನ ಬರೆದ ಪಂಡಿತನೂ ಹೌದು. ವಿದ್ಯಾರಣ್ಯರೆಂದು ಹೆಸರಾದ ಮಾಧವಾಚಾರ್ಯರೇ ಇವನೆಂದು ತಿಳಿದವರು ಬಹಳ. ಆದರೆ ಅವರು ಬೇರೆ, ಇವನು ಬೇರೆ. ಇವನು ಚಾವುಂಡನ ಮಗ, ಆಂಗಿರಸ ಗೋತ್ರದವನು, ಶೈವ ಗುರು ಕಾಶೀವಿಲಾಸ ಕ್ರಿಯಾಶಕ್ತಿಯ ಶಿಷ್ಯ. ನನ್ನ ಮನಸ್ಸು ಹಿಡಿದದ್ದು ಅವನ 1368ರ ದತ್ತಿ. ನಾಗರಖಂಡದ ಒಂದು ಊರನ್ನು ಅವನು ಕಾಶ್ಮೀರದ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ. ಹಿಮದ ನಾಡಿನವರು ಆಷಾಢದ ಈ ಜಡಿಮಳೆಯಲ್ಲಿ ಹೇಗೆ ಸಂಸಾರ ಹೂಡಿದರೋ! ಗಡಿನಾಡಿನ ಅಧಿಕಾರಿಯೊಬ್ಬ ಕತ್ತಿಯ ಕೆಲಸದ ನಡುವೆ ಓದುಬರಹದವರಿಗೆ ನೆಲ ಹುಡುಕಿದ ಎಂಬುದು ನನಗೆ ಅವನ ಗೋವೆಯ ಗೆಲುವಿಗಿಂತ ಹೆಚ್ಚಿನದಾಗಿ ಕಾಣುತ್ತದೆ.

ಮುಂದೆ ಆರಗ, ಬಾರಕೂರು, ಮಂಗಳೂರುಗಳ ಜೊತೆಗೆ ಗುತ್ತಿಯೂ ಕೆಳದಿಯ ಸದಾಶಿವ ನಾಯಕನ ಕೈಸೇರಿತು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದಾಗ ಕೆಳದಿಯ ಆಳ್ವಿಕೆಯೇ ಮುಗಿಯಿತು. ಆದರೆ ಗಡಿ ಇಲ್ಲಿನ ಜನರನ್ನು ಬಿಡಲಿಲ್ಲ. ಇಂಗ್ಲಿಷರ ಕಾಲಕ್ಕೆ ಚಂದ್ರಗುತ್ತಿ ಮೈಸೂರಿನದು, ಕೂಗಳತೆಯ ಸಿದ್ದಾಪುರ, ಬನವಾಸಿಗಳು ಮುಂಬೈ ಪ್ರಾಂತ್ಯದವು. ಆಡುವ ಮಾತು ಒಂದೇ, ಕೊಟ್ಟು ತರುವ ನೆಂಟಸ್ತಿಕೆ ಒಂದೇ, ಆಳುವವರು ಮಾತ್ರ ಬೇರೆ. ಆ ಗೆರೆ ಅಳಿಸಿದ್ದು 1956ರ ನವೆಂಬರ್ 1ರಂದು.

ಹೊರಗಿನವರು ಚಂದ್ರಗುತ್ತಿ ಎಂದೊಡನೆ ನೆನೆಯುವುದು ಬೆತ್ತಲೆ ಸೇವೆಯನ್ನು. ವರದೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುವ ಹರಕೆಯನ್ನು ವಿರೋಧಿಸಿದವರ ಮೇಲೆ, ಕಾವಲಿದ್ದ ಪೊಲೀಸರ ಮೇಲೆ 1986ರ ಮಾರ್ಚ್ ಜಾತ್ರೆಯಲ್ಲಿ ಹಲ್ಲೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಬಡ ಹೆಣ್ಣುಮಕ್ಕಳ ಮಾನ ಉಳಿಸಿದ ಆ ಹೋರಾಟವೂ ಈ ಊರಿನ ಚರಿತ್ರೆಯೇ. ಕೋಟೆಯ ಕಥೆ ಹೇಳುವ ಭರದಲ್ಲಿ ಅದನ್ನು ಬಿಡಬಾರದು.

ಇಳಿಯುವಾಗ ಮೆಟ್ಟಿಲ ಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯೊಬ್ಬಳು ಸುಧಾರಿಸಿಕೊಳ್ಳಲು ನಿಂತಿದ್ದಳು. ಆಗ ತಾನೇ ತಲೆಗೂದಲು ತೆಗೆಸಿದ ಕೂಸು, ಹಣೆತುಂಬ ಭಂಡಾರ. ‘ಏನು ಹೆಸರು ತಾಯಿ?’ ಎಂದೆ. ‘ಬರೆಸಾದು ರೇಣುಕಾ ಅಂತ. ಮನೇಲಿ ಎಲ್ಲ ಗುತ್ಯಮ್ಮ ಅಂತಾರೆ’ ಎಂದಳು. ಕೂಸು ಆ ಹೆಸರಿಗೆ ತಿರುಗಿ ನೋಡಿತು.